‘ಸ್ಟಾರ್ ಆಫ್ ಇಂಡಿಯಾ’ ಹಡಗಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಸ್ಯಾನ್ ಡಿಯಾಗೋ ಬಂದರಿನಲ್ಲಿ ಒಂದು ಹಳೇ ಹಾಯಿ ಹಡಗು ನಿಂತಿದೆ. ಹೆಸರು ‘ಸ್ಟಾರ್ ಆಫ್ ಇಂಡಿಯಾ’. ಊರಿಂದ ಯಾರೇ ಬಂದರೂ, ಮಕ್ಕಳ ಮನೆಗೆ ಅಂತ ಬಂದ ಅಪ್ಪ ಅಮ್ಮಂದಿರಿರಲಿ, ಓದೋಕೆ ಬಂದ ಹುಡುಗರಿರಲಿ, ನಾನು ಮೊದಲು ಕರೆದುಕೊಂಡು ಹೋಗುವುದು ಇಲ್ಲಿಗೇ. ಬರುವವರು ಬೇರೆ ಬೇರೆ, ಕೇಳುವ ಪ್ರಶ್ನೆಗಳು ಹೆಚ್ಚೂಕಮ್ಮಿ ಅವೇ. ಹಡಗಿನ ಮೇಲೆ ನಿಂತು ಕೇಳಿದ್ದು, ಊರಿಗೆ ಹೋದ ಮೇಲೆ ನೆನಪಾಗಿ ಮೆಸೇಜ್ ಮಾಡಿ ಕೇಳಿದ್ದು, ಮಕ್ಕಳು ಶಾಲೆ ಪ್ರಾಜೆಕ್ಟಿಗೆ ಅಂತ ಕೇಳಿದ್ದು, ಎಲ್ಲವನ್ನೂ ಇಲ್ಲಿ ಸೇರಿಸಿದ್ದೇನೆ. ಕೇಳಿದವರ ಮಾತನ್ನೇ ಆದಷ್ಟು ಹಾಗೇ ಇಟ್ಟಿದ್ದೇನೆ.

## ಮೊದಲ ಸಲ ನೋಡಿದವರು ಕೇಳುವುದು

ಇದು ನಿಜವಾದ ಹಡಗಾ, ಇಲ್ಲಾ ಜನ ನೋಡಲಿ ಅಂತ ಹೊಸದಾಗಿ ಮಾಡಿದ್ದಾ?

ನಿಜವಾದ ಹಡಗೇ. ನೀರಿಗಿಳಿದದ್ದು 1863ರ ನವೆಂಬರ್ 14ರಂದು. ಅಲ್ಲಿಂದ 1923ರವರೆಗೆ, ಅಂದರೆ ಸುಮಾರು ಅರುವತ್ತು ವರ್ಷ, ದುಡ್ಡು ದುಡಿಯುವ ಸರಕಿನ ಹಡಗಾಗಿಯೇ ಇತ್ತು. ಯುದ್ಧನೌಕೆ ಅಲ್ಲ, ರಾಜರ ವಿಹಾರದ ಹಡಗೂ ಅಲ್ಲ. ನಮ್ಮಲ್ಲಿ ಲಾರಿ ಹೇಗೋ ಹಾಗೆ ಅಂದುಕೊಳ್ಳಿ. ಬಾಡಿಗೆ ಸಿಕ್ಕ ಕಡೆ ಹೋಗಬೇಕು, ಕೊಟ್ಟದ್ದನ್ನು ಹೊರಬೇಕು.

ನನಗೆ ಈ ಹಡಗಿನ ಮೇಲೆ ಇಷ್ಟು ಪ್ರೀತಿ ಬಂದದ್ದೂ ಅದಕ್ಕೇ. ಹೆಸರಾಂತ ಹಡಗುಗಳನ್ನು ಯಾರಾದರೂ ಕಾಪಾಡುತ್ತಾರೆ. ದುಡಿದು ಸವೆದ ಹಡಗು ಸಾಮಾನ್ಯವಾಗಿ ಗುಜರಿಗೆ ಹೋಗುತ್ತದೆ. ಇದರ ಜೊತೆಗಾರ ಹಡಗುಗಳಲ್ಲಿ ಹೆಚ್ಚಿನವು ಹೋಗಿದ್ದು ಹಾಗೆಯೇ. ಇದು ಉಳಿಯಿತು.

ಹೆಸರಲ್ಲೇ ಇಂಡಿಯಾ ಇದೆಯಲ್ಲ, ನಮ್ಮ ದೇಶದಲ್ಲಿ ಕಟ್ಟಿದ್ದಾ?

ಅಲ್ಲ. ಕಟ್ಟಿದ್ದು ಐಲ್ ಆಫ್ ಮ್ಯಾನ್ ದ್ವೀಪದ ರಾಮ್ಸಿ ಊರಿನಲ್ಲಿ. ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವೆ ಇರುವ ಚಿಕ್ಕ ದ್ವೀಪ ಅದು. ಮಾಡಿಸಿದವರು ಲಿವರ್‌ಪೂಲ್‌ನ ವೇಕ್‌ಫೀಲ್ಡ್ ನ್ಯಾಶ್ ಕಂಪನಿಯವರು. ಆಗ ಇಟ್ಟ ಹೆಸರು ‘ಯೂಟರ್ಪಿ’, ಗ್ರೀಕರ ಸಂಗೀತದ ದೇವತೆ. ಮುಂಭಾಗದಲ್ಲಿ, ಮೂಗಿನಂತೆ ಚಾಚಿದ ಕಂಬದ ಕೆಳಗೆ ಒಂದು ಹೆಣ್ಣಿನ ಮೂರ್ತಿ ಇದೆಯಲ್ಲ, ಅವಳೇ ಇವಳು. ಹಡಗಿನ ಹೆಸರು ಬದಲಾದರೂ ಅವಳನ್ನು ಯಾರೂ ಇಳಿಸಲಿಲ್ಲ.

ಇಂಡಿಯಾ ಅನ್ನುವ ಹೆಸರು ಬಂದದ್ದು 1906ರಲ್ಲಿ. ಅಷ್ಟೊತ್ತಿಗೆ ಹಡಗು ನಮ್ಮ ಕಡೆ ಬರುವುದನ್ನು ಬಿಟ್ಟು ಮೂವತ್ತು ವರ್ಷಕ್ಕೂ ಜಾಸ್ತಿ ಆಗಿತ್ತು. ಆ ಕತೆ ಮುಂದೆ ಬರುತ್ತದೆ.

ಕಬ್ಬಿಣ ಅಂತೀರಿ, ನೀರಲ್ಲಿ ಮುಳುಗಲ್ವಾ?

ಮನೆಯ ತೊಟ್ಟಿಯಲ್ಲಿ ಖಾಲಿ ಹಿತ್ತಾಳೆ ಚೆಂಬನ್ನು ನೆಟ್ಟಗೆ ಬಿಟ್ಟು ನೋಡಿ. ತೇಲುತ್ತದೆ. ಅದೇ ಹಿತ್ತಾಳೆಯನ್ನು ಉಂಡೆ ಮಾಡಿ ಹಾಕಿದರೆ ತಳ ಸೇರುತ್ತದೆ. ಪಾತ್ರೆ ತನ್ನ ಹೊಟ್ಟೆಯಷ್ಟು ನೀರನ್ನು ಪಕ್ಕಕ್ಕೆ ತಳ್ಳುತ್ತದೆ, ಆ ನೀರಿನ ತೂಕಕ್ಕಿಂತ ಪಾತ್ರೆಯ ತೂಕ ಕಮ್ಮಿ ಇರುವವರೆಗೂ ಮೇಲೇ ಇರುತ್ತದೆ. ಹಡಗೂ ಅಷ್ಟೇ, ದೊಡ್ಡದೊಂದು ಪಾತ್ರೆ.

ಒಂದು ಆಶ್ಚರ್ಯ ಏನೆಂದರೆ, ಅಷ್ಟೇ ಗಟ್ಟಿ ಬೇಕು ಅಂದರೆ ಕಬ್ಬಿಣದ ಹಡಗು ಮರದ್ದಕ್ಕಿಂತ ಹಗುರ ಆಗುತ್ತದೆ. ಮರದ ಹಡಗಿಗೆ ದಪ್ಪ ದಪ್ಪ ತೊಲೆಗಳು ಬೇಕು, ಅವೇ ಒಳಗಿನ ಜಾಗ ತಿನ್ನುತ್ತವೆ. ಕಬ್ಬಿಣಕ್ಕೆ ತೆಳು ತಗಡು, ಒಳಗೆ ಪಕ್ಕೆಲುಬಿನ ಹಾಗೆ ಸಾಲಾಗಿ ನಿಂತ ಚೌಕಟ್ಟು, ಇಷ್ಟು ಸಾಕು. ಉಳಿದ ಜಾಗವೆಲ್ಲ ಸರಕಿಗೆ. ವ್ಯಾಪಾರಿಗಳು ಕಬ್ಬಿಣಕ್ಕೆ ಒಲಿದದ್ದಕ್ಕೆ ಇದೇ ದೊಡ್ಡ ಕಾರಣ.

ಎಷ್ಟು ದೊಡ್ಡದು?

ಒಡಲಿನ ಉದ್ದ ಸುಮಾರು 205 ಅಡಿ, ಅಗಲ 35 ಅಡಿ. ಈಗಿನ ಕಂಟೇನರ್ ಹಡಗಿನ ಪಕ್ಕ ಇಟ್ಟರೆ ಒಂದು ದೋಣಿಯ ಹಾಗೆ ಕಾಣುತ್ತದೆ. ಇದೇ ಹಡಗು ಭೂಮಿಯನ್ನು 21 ಸಲ ಸುತ್ತಿದೆ.

ಎಂಜಿನ್ ಎಲ್ಲಿದೆ? ಸ್ವಲ್ಪ ತೋರಿಸಿ.

ಇಲ್ಲ. ಯಾವತ್ತೂ ಇರಲಿಲ್ಲ, ಇವತ್ತೂ ಇಲ್ಲ. ಗಾಳಿ ಬಿಟ್ಟರೆ ಇದನ್ನು ಓಡಿಸುವುದು ಬೇರೇನೂ ಇಲ್ಲ. ಬಂದರಿನಿಂದ ಹೊರಗೆ ಬರಲು ಮಾತ್ರ ಟಗ್ ದೋಣಿ ಎಳೆಯುತ್ತದೆ. ಕಡಲಿಗೆ ಬಂದ ಮೇಲೆ ಹಗ್ಗ ಬಿಚ್ಚಿ ಹಾಯಿ ಬಿಡುತ್ತಾರೆ.

## ಹಡಗು ದುಡಿದ ಕಾಲದ ಬಗ್ಗೆ

ಮೊದಲನೇ ಪಯಣದಲ್ಲೇ ಜಗಳ ಆಗಿ ಜನ ಜೈಲಿಗೆ ಹೋದರಂತೆ, ಹೌದಾ?

ಹೌದು. 1864ರ ಜನವರಿ 9ರಂದು ಲಿವರ್‌ಪೂಲ್‌ನಿಂದ ಕಲ್ಕತ್ತಾಗೆ ಹೊರಟಿತು. ಕ್ಯಾಪ್ಟನ್ ಹೆಸರು ವಿಲಿಯಂ ಜಾನ್ ಸ್ಟೋರಿ. ವೇಲ್ಸ್ ಕರಾವಳಿ ದಾಟುವಷ್ಟರಲ್ಲೇ ಒಂದು ಸ್ಪ್ಯಾನಿಷ್ ಹಡಗಿಗೆ ಡಿಕ್ಕಿಯಾಯಿತು. ಮುಂದೆ ಚಾಚಿದ ಕಂಬ ಮುರಿಯಿತು, ಹಗ್ಗಗಳು ಹರಿದವು. ನಾವಿಕರು ಮುಂದಕ್ಕೆ ಬರುವುದಿಲ್ಲ ಅಂತ ಹಟ ಹಿಡಿದರು.

ನಾನು ಅವರನ್ನು ಬೈಯಲಾರೆ. ಜನವರಿ ತಿಂಗಳು, ಆ ಕಡಲಿನ ಚಳಿ, ಹೊಸ ಹಡಗು, ಮುಂದೆ ತಿಂಗಳುಗಟ್ಟಲೆ ನೀರು. ಶುರುವಿನಲ್ಲೇ ಹೀಗಾದರೆ ಯಾರಿಗಾದರೂ ಅಪಶಕುನ ಅನ್ನಿಸುತ್ತದೆ ಅಲ್ವಾ? ಆದರೆ ಆಗಿನ ಕಾನೂನಿನಲ್ಲಿ ಹಡಗಿನ ಕೆಲಸಕ್ಕೆ ಸಹಿ ಹಾಕಿ ಆಮೇಲೆ ಒಲ್ಲೆ ಅನ್ನುವುದೇ ಅಪರಾಧ. ಹಡಗು ಹಿಂದಿರುಗಿ ವೇಲ್ಸ್‌ನ ಆಂಗ್ಲ್‌ಸಿ ದ್ವೀಪ ಸೇರಿತು. 17 ಜನರನ್ನು ಬೋಮಾರಿಸ್ ಜೈಲಿಗೆ ಹಾಕಿ ಕಠಿಣ ದುಡಿಮೆಯ ಶಿಕ್ಷೆ ಕೊಟ್ಟರು. ಹಡಗನ್ನು ರಿಪೇರಿ ಮಾಡಿ ಮತ್ತೆ ಕಲ್ಕತ್ತಾ ದಾರಿಗೆ ಬಿಟ್ಟರು.

ಬಂಗಾಳ ಕೊಲ್ಲಿಯಲ್ಲಿ ತಾವೇ ಕೂವೆಮರ ಕಡಿದು ಹಾಕಿದರು ಅಂದ್ರಿ. ತಮ್ಮ ಹಡಗನ್ನ ತಾವೇ ಯಾಕೆ ಮುರೀತಾರೆ?

ಇದು 1865ರ ಮಾತು. ಮದ್ರಾಸಿನ ಆಚೆ ಕಡಲಲ್ಲಿ ಭಾರಿ ಬಿರುಗಾಳಿಗೆ ಹಡಗು ಸಿಕ್ಕಿಬಿತ್ತು. ನಮ್ಮ ಪೂರ್ವ ಕರಾವಳಿಯ ಚಂಡಮಾರುತಗಳ ಸುದ್ದಿಯನ್ನು ಈಗಲೂ ವರ್ಷ ವರ್ಷ ಓದುತ್ತೇವಲ್ಲ, ಅದೇ ಕಡಲು.

ಕೂವೆಮರ ಅಂದರೆ ಹಾಯಿ ಕಟ್ಟುವ ಎತ್ತರದ ಕಂಬ. ಅಂಥ ಗಾಳಿಯಲ್ಲಿ ಹಾಯಿಗಳನ್ನೆಲ್ಲ ಸುತ್ತಿಟ್ಟರೂ ಕಂಬ, ಅಡ್ಡಮರ, ನೂರಾರು ಹಗ್ಗ ಇವಿಷ್ಟೇ ಗಾಳಿಯನ್ನು ಹಿಡಿಯುತ್ತವೆ. ಎತ್ತರದಲ್ಲಿ ತಳ್ಳಿದರೆ ಹಡಗು ಪಕ್ಕಕ್ಕೆ ಒರಗುತ್ತದೆ. ಒಂದು ಮಟ್ಟ ದಾಟಿ ಒರಗಿದರೆ ಮತ್ತೆ ನೆಟ್ಟಗಾಗುವುದಿಲ್ಲ, ಮೇಲುಗಡೆಯ ಬಾಗಿಲುಗಳಿಂದ ನೀರು ನುಗ್ಗುತ್ತದೆ. ಆಗ ಉಳಿಯುವ ದಾರಿ ಒಂದೇ. ಕೊಡಲಿ ತಗೊಂಡು ಕಂಬವನ್ನು ಹಿಡಿದಿಟ್ಟ ಹಗ್ಗಗಳನ್ನು ಕಡಿಯುವುದು. ಕಂಬ ತಾನೇ ಮುರಿದು ಕಡಲಿಗೆ ಬೀಳುತ್ತದೆ. ಬಿದ್ದ ಮೇಲೂ ಕೆಲಸ ಮುಗಿಯಲಿಲ್ಲ. ಹಗ್ಗಗಳ ಜಾಲದಲ್ಲಿ ಸಿಕ್ಕಿಕೊಂಡ ಆ ಮರ ಅಲೆಯ ಜೊತೆ ಬಂದು ಹಡಗಿನ ಪಕ್ಕೆಗೇ ಗುದ್ದುತ್ತದೆ. ಹಾಗಾಗಿ ಕತ್ತಲೆಯಲ್ಲಿ, ಅಲೆ ಮೈಮೇಲೆ ಬೀಳುವಾಗಲೇ, ಉಳಿದ ಹಗ್ಗಗಳನ್ನೂ ಒಂದೊಂದಾಗಿ ಕಡಿಯಬೇಕು.

ಹೀಗೆ ಬೋಳಾದ ಹಡಗು ಕುಂಟುತ್ತಾ ಸಿಂಹಳದ ಟ್ರಿಂಕೊಮಲಿ ಸೇರಿ, ಅಲ್ಲಿಂದ ಕಲ್ಕತ್ತಾಗೆ ಹೋಗಿ ರಿಪೇರಿ ಮಾಡಿಸಿಕೊಂಡಿತು. ಊರಿಗೆ ವಾಪಸಾಗುವಾಗ ಕ್ಯಾಪ್ಟನ್ ಸ್ಟೋರಿ ದಾರಿಯಲ್ಲೇ ತೀರಿಕೊಂಡರು. ಅವರ ದೇಹವನ್ನು ಕಡಲಿಗೇ ಒಪ್ಪಿಸಿದರು. ಎರಡೇ ಪಯಣ, ಒಂದು ದಂಗೆ, ಒಂದು ಬಿರುಗಾಳಿ, ಒಬ್ಬ ಕ್ಯಾಪ್ಟನ್. ಶುರುವಾತು ಅಷ್ಟು ಕಷ್ಟದ್ದು.

ಮಂಗಳೂರಿಗೂ ಬಂದಿತ್ತಾ? ನಮ್ಮಜ್ಜ ದೊಡ್ಡ ದೊಡ್ಡ ಹಾಯಿ ಹಡಗು ಬರ್ತಿದ್ದವು ಅಂತಿದ್ರು.

ಕರಾವಳಿಯವರು ಇದನ್ನು ಕೇಳದೆ ಬಿಡುವುದಿಲ್ಲ. ಇದರ ಭಾರತದ ಓಡಾಟವೆಲ್ಲ ಕಲ್ಕತ್ತಾ ಕಡೆಗೆ. ಸಾವಿರ ಟನ್ನಿಗೂ ಮೇಲ್ಪಟ್ಟ ಹಡಗಿಗೆ ಆಳವಾದ ನೀರು ಬೇಕು. ಮಂಗಳೂರಿನ ಹಳೇ ಬಂದರು ನೇತ್ರಾವತಿ, ಗುರುಪುರ ನದಿಗಳ ಅಳಿವೆಯಲ್ಲಿದೆ, ಅಲ್ಲಿ ನೀರು ಕಮ್ಮಿ. ದೊಡ್ಡ ಹಡಗುಗಳು ಹೊರಗೆ ಕಡಲಲ್ಲೇ ಲಂಗರು ಹಾಕಿ ನಿಲ್ಲಬೇಕಿತ್ತು, ಸಣ್ಣ ದೋಣಿಗಳು ಸರಕು ತಂದು ಹಾಕಬೇಕಿತ್ತು. ಪಣಂಬೂರಿನ ಆಳದ ಬಂದರು ಬಂದದ್ದು 1970ರ ದಶಕದಲ್ಲಿ. ಹಾಯಿ ಕಟ್ಟಿಕೊಂಡು ಅಳಿವೆಯ ಒಳಗೇ ಬರುತ್ತಿದ್ದದ್ದು ಮರದ ಮಂಜಿಗಳು, ಪಡಾವುಗಳು. ಅಜ್ಜನ ಕಣ್ಣಿಗೆ ಬಿದ್ದದ್ದು ಅವೂ ಇರಬಹುದು.

ಕಲ್ಕತ್ತಾದ ದಾರಿಯೂ ಸುಲಭದ್ದಲ್ಲ. ಹೂಗ್ಲಿ ನದಿಯಲ್ಲಿ ಮರಳ ದಿಬ್ಬಗಳು ಜಾಗ ಬದಲಿಸುತ್ತಲೇ ಇರುತ್ತವೆ. ಅಲ್ಲಿನ ಪೈಲಟ್, ಅಂದರೆ ನದಿಯ ದಾರಿ ಬಲ್ಲ ನಾವಿಕ, ಹತ್ತದೆ ಯಾವ ಹಡಗೂ ಮೇಲಕ್ಕೆ ಹೋಗುತ್ತಿರಲಿಲ್ಲ. ಬಂಗಾಳದ ಸೆಣಬು ಆಗ ಹಡಗುಗಟ್ಟಲೆ ಬ್ರಿಟನ್‌ಗೆ ಹೋಗುತ್ತಿತ್ತು. ಅದನ್ನು ಗೋಣಿ ಬಟ್ಟೆ ಮಾಡುವ ಗಿರಣಿಗಳು ಸ್ಕಾಟ್ಲೆಂಡಿನ ಡಂಡಿ ಊರಿನಲ್ಲಿದ್ದವು.

ಇಂಡಿಯಾ ದಾರಿ ಬಿಟ್ಟು ನ್ಯೂಜಿಲೆಂಡ್‌ಗೆ ಯಾಕೆ ಹೋಯ್ತು?

1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಹಬೆ ಹಡಗುಗಳಿಗೆ ಯೂರೋಪಿನಿಂದ ಭಾರತಕ್ಕೆ ಅಡ್ಡದಾರಿ ಸಿಕ್ಕಿತು. ಹಾಯಿ ಹಡಗಿಗೆ ಅದು ದಕ್ಕಲಿಲ್ಲ. ಕಾಲುವೆಯಲ್ಲಿ ದುಡ್ಡು ಕೊಟ್ಟು ಎಳೆಸಿಕೊಂಡು ಹೋಗಬೇಕು, ಆಚೆ ಕೆಂಪು ಸಮುದ್ರದಲ್ಲಿ ಗಾಳಿ ನಂಬುವ ಹಾಗಿಲ್ಲ, ದಾರಿ ಇಕ್ಕಟ್ಟು. ಆಫ್ರಿಕಾ ಸುತ್ತಿ ಬರುವಷ್ಟರಲ್ಲಿ ಹಬೆ ಹಡಗಿನವನು ಸರಕು ಮಾರಿ ಮುಗಿಸಿರುತ್ತಿದ್ದ.

ಆದರೆ ನ್ಯೂಜಿಲೆಂಡ್ ತುಂಬ ದೂರ. ಅಷ್ಟು ದೂರಕ್ಕೆ ಹಬೆ ಹಡಗು ಹೋಗಬೇಕಾದರೆ ಅರ್ಧ ಹೊಟ್ಟೆ ಕಲ್ಲಿದ್ದಲೇ ತುಂಬಬೇಕು. ಗಾಳಿಗೆ ಕಾಸಿಲ್ಲ. ಅದೂ ಅಲ್ಲದೆ ದಕ್ಷಿಣದ ಕಡಲಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ವರ್ಷವಿಡೀ ಜೋರು ಗಾಳಿ ಬೀಸುತ್ತದೆ, ಹಾಯಿ ಹಡಗಿಗೆ ಅದು ಹೆದ್ದಾರಿ. 1871ರಲ್ಲಿ ಲಂಡನ್ನಿನ ಶಾ ಸ್ಯಾವಿಲ್ ಕಂಪನಿ ಈ ಹಡಗನ್ನು ಕೊಂಡಿತು. ನ್ಯೂಜಿಲೆಂಡ್ ಸರ್ಕಾರ ಆಗ ರೈಲು, ರಸ್ತೆ ಕಟ್ಟಲು ಬ್ರಿಟನ್‌ನಿಂದ ಜನರನ್ನು ಕರೆಸುತ್ತಿತ್ತು. ಮುಂದಿನ ಇಪ್ಪತ್ತೈದು ವರ್ಷ ‘ಯೂಟರ್ಪಿ’ ಆ ಜನರನ್ನು ಹೊತ್ತಿತು. ಹೋಗುವಾಗ ಗುಡ್ ಹೋಪ್ ಭೂಶಿರದ ಕೆಳಗೆ, ಬರುವಾಗ ದಕ್ಷಿಣ ಅಮೆರಿಕದ ಕೇಪ್ ಹಾರ್ನ್ ಸುತ್ತಿ. ಹೋಗಿ ಬಂದರೆ ಭೂಮಿಗೆ ಒಂದು ಸುತ್ತು. ಮೇಲೆ ಹೇಳಿದ 21 ಸುತ್ತು ಆದದ್ದು ಹೀಗೆ.

ಅಷ್ಟು ದಿನ ಹಡಗಲ್ಲಿ ಜನ ಹೇಗಿರ್ತಿದ್ರು?

ನ್ಯೂಜಿಲೆಂಡ್‌ಗೆ ಹೋಗಲು ಇದಕ್ಕೆ ಹಿಡಿದ ಅತಿ ಕಮ್ಮಿ ಸಮಯ 100 ದಿನ, ಅತಿ ಜಾಸ್ತಿ 143 ದಿನ. ಈ ಪ್ರಶ್ನೆ ಕೇಳಿದವರನ್ನು ನಾನು ಸುಮ್ನೆ ಕೆಳಗಿನ ಅಂತಸ್ತಿಗೆ ಕರೆದುಕೊಂಡು ಹೋಗುತ್ತೇನೆ. ಮೆಟ್ಟಿಲು ಇಳಿದ ತಕ್ಷಣ ಬೆಳಕು ಕಮ್ಮಿ ಆಗುತ್ತದೆ. ಮೇಲೆ ಮರದ ಹಲಗೆ, ಎರಡೂ ಪಕ್ಕ ಕಬ್ಬಿಣ. ಕೈಯಿಟ್ಟರೆ ತಣ್ಣಗೆ. ಆ ಕಬ್ಬಿಣದ ಆಚೆ ಕಡಲು. ಮರದ ಹಡಗಿಗೆ ಒಂದಡಿ ದಪ್ಪದ ಗೋಡೆ ಇರುತ್ತದೆ, ಇಲ್ಲಿ ಬರೀ ತಗಡು. ಜನರ ಉಸಿರಿನ ಹಬೆ ಆ ತಣ್ಣನೆಯ ಕಬ್ಬಿಣಕ್ಕೆ ತಾಗಿ ನೀರಾಗಿ ಇಳಿಯುತ್ತದೆ, ಹಾಸಿಗೆ ಬಟ್ಟೆಯೆಲ್ಲ ಒದ್ದೆ.

ಆಗಿನ ವಲಸೆ ಹಡಗುಗಳ ಪದ್ಧತಿ ಎಂದರೆ ಮುಂದಿನ ಭಾಗದಲ್ಲಿ ಮದುವೆಯಾಗದ ಗಂಡಸರು, ನಡುವೆ ಸಂಸಾರಸ್ಥರು, ಹಿಂದಿನ ಭಾಗದಲ್ಲಿ ಮದುವೆಯಾಗದ ಹೆಂಗಸರು. ಮಲಗಲು ಒಂದರ ಮೇಲೊಂದು ಹಲಗೆ. ಊಟಕ್ಕೆ ಉಪ್ಪು ಹಾಕಿಟ್ಟ ಮಾಂಸ, ಕಲ್ಲಿನಂಥ ಬಿಸ್ಕತ್ತು, ಹಿಟ್ಟು, ಒಂದಿಷ್ಟು ಸಕ್ಕರೆ, ಟೀ, ರೋಗ ಬರದ ಹಾಗೆ ನಿಂಬೆ ರಸ. ಕುಡಿಯುವ ನೀರು ಅಳತೆ ಮಾಡಿ. ಬಿರುಗಾಳಿ ಬಂದರೆ ಮೇಲಿನ ಬಾಗಿಲು ಮುಚ್ಚಿಬಿಡುತ್ತಾರೆ, ದೀಪ ಆರಿಸುತ್ತಾರೆ. ಕತ್ತಲಲ್ಲಿ ನೂರಾರು ಜನ, ಸಾಮಾನುಗಳು ಆ ಕಡೆಯಿಂದ ಈ ಕಡೆಗೆ ಉರುಳುವ ಸದ್ದು, ಮಕ್ಕಳ ಅಳು.

ಆದರೂ ಅಲ್ಲಿ ಬದುಕು ನಿಂತಿರಲಿಲ್ಲ. ಹಾಡಿಕೊಂಡರು, ಜಗಳವಾಡಿದರು, ಹಡಗಿನಲ್ಲೇ ತಮ್ಮ ಪತ್ರಿಕೆಯನ್ನೂ ಹೊರಡಿಸಿಕೊಂಡರು. ದಾರಿಯಲ್ಲಿ ಹುಟ್ಟಿದ ಒಂದು ಮಗುವಿಗೆ ‘ಯೂಟರ್ಪಿ’ ಅಂತಲೇ ನಡುಹೆಸರಿಟ್ಟರು. ನಾನು ಆ ಅಂತಸ್ತಿನಲ್ಲಿ ನಿಂತಾಗಲೆಲ್ಲ ಆ ತಾಯಿಯ ನೆನಪಾಗುತ್ತದೆ. ನಮ್ಮಲ್ಲಿ ಬಾಣಂತಿಯನ್ನು ಬೆಚ್ಚಗೆ ಇಡಬೇಕು ಅಂತ ಕಿಟಕಿ ಕೂಡ ತೆಗೆಯಲ್ಲ. ಅವಳು ಆ ಒದ್ದೆ ಕಬ್ಬಿಣದ ಪಕ್ಕ ಮಲಗಿದ್ದಳು.

ನಮ್ಮವರನ್ನ ಕೂಲಿಗೆ ಅಂತ ಫಿಜಿಗೆ ಸಾಗಿಸಿದ್ದು ಇದೇ ಹಡಗಾ?

ಅಲ್ಲ, ಇದರ ಕೆಲಸ ಅದಾಗಿರಲಿಲ್ಲ. ಆದರೆ ಪ್ರಶ್ನೆ ಸರಿಯಾದದ್ದೇ, ಯಾಕೆಂದರೆ ಇದೇ ಜಾತಿಯ ಕಬ್ಬಿಣದ ಹಾಯಿ ಹಡಗುಗಳೇ ಆ ಕೆಲಸ ಮಾಡಿದವು. 1879ರಿಂದ 1916ರವರೆಗೆ ಕಲ್ಕತ್ತಾ ಮತ್ತು ಮದ್ರಾಸಿನಿಂದ ಅರುವತ್ತು ಸಾವಿರದಷ್ಟು ಜನರನ್ನು ಗಿರಮಿಟ್ ಕರಾರಿನ ಮೇಲೆ, ಅಂದರೆ ಇಷ್ಟು ವರ್ಷ ಕೂಲಿ ಮಾಡಬೇಕು ಅನ್ನುವ ಒಪ್ಪಂದದ ಮೇಲೆ, ಫಿಜಿಗೆ ಒಯ್ದರು. ಆ ಸಾಗಣೆಯಲ್ಲಿ ನರ್ಸ್ ಕಂಪನಿಯ ಹಡಗುಗಳು ಹೆಚ್ಚು. ಅದರ ‘ಸಿರಿಯಾ’ ಎಂಬ ಕಬ್ಬಿಣದ ಹಡಗು 1884ರ ಮೇ 11ರಂದು ಫಿಜಿಯ ನಸಿಲಾಯ್ ಬಂಡೆಸಾಲಿಗೆ ಬಡಿದು ಒಡೆಯಿತು. 59 ಜನ ಸತ್ತರು. ಅವರಲ್ಲಿ 56 ಜನ ಗಿರಮಿಟ್ ಕೂಲಿಗಳು, 3 ಜನ ಲಸ್ಕರರು, ಅಂದರೆ ಹಡಗಿನ ಏಷ್ಯಾದ ಖಲಾಸಿಗಳು.

‘ಯೂಟರ್ಪಿ’ಯ ಕೆಳ ಅಂತಸ್ತನ್ನು ನೋಡಿದರೆ ಆ ಹಡಗುಗಳ ಒಳಗು ಹೇಗಿತ್ತು ಅನ್ನುವ ಅಂದಾಜು ಸಿಗುತ್ತದೆ. ಇಲ್ಲಿದ್ದವರು ಹೊಸ ಬಾಳಿಗೆ ಹೊರಟ ವಲಸಿಗರು. ಅಲ್ಲಿದ್ದವರಲ್ಲಿ ಎಷ್ಟೋ ಜನಕ್ಕೆ ಹೋಗುತ್ತಿರುವ ಜಾಗ ಎಲ್ಲಿದೆ ಅಂತಲೇ ಗೊತ್ತಿರಲಿಲ್ಲ.

ಕೊನೆಗೆ ಮೀನಿನ ಡಬ್ಬಿ ಹೊತ್ತಿತು ಅಂದ್ರಿ?

ಹೌದು. 1890ರ ದಶಕದ ಕೊನೆಗೆ ಹಡಗು ಪೆಸಿಫಿಕ್ ಕಡೆಯವರ ಕೈಗೆ ಬಂತು. ಕೆಲ ವರ್ಷ ಹವಾಯಿ ಬಾವುಟದ ಕೆಳಗೆ ಮರ, ಕಲ್ಲಿದ್ದಲು, ಸಕ್ಕರೆ ಸಾಗಿಸಿತು. ಹವಾಯಿ ಅಮೆರಿಕಕ್ಕೆ ಸೇರಿದ ಮೇಲೆ 1900ರಲ್ಲಿ ಅಮೆರಿಕದ ಸಂಸತ್ತು ವಿಶೇಷ ಕಾನೂನು ಮಾಡಿ ಇದನ್ನು ಅಮೆರಿಕದ ಹಡಗು ಅಂತ ಒಪ್ಪಿತು. 1901ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಅಲಾಸ್ಕಾ ಪ್ಯಾಕರ್ಸ್ ಸಂಸ್ಥೆ ಕೊಂಡಿತು.

ಅಲ್ಲಿಂದ ಇದರ ವರ್ಷಕ್ಕೆ ಒಂದು ಲಯ ಬಂತು. ವಸಂತದಲ್ಲಿ ಮೀನುಗಾರರನ್ನು, ಕಾರ್ಖಾನೆ ಕೆಲಸದವರನ್ನು, ಡಬ್ಬಿ ಮಾಡಲು ತಗಡು, ಪೆಟ್ಟಿಗೆ ಮರ, ಕಲ್ಲಿದ್ದಲು ಎಲ್ಲ ತುಂಬಿಕೊಂಡು ಉತ್ತರಕ್ಕೆ ಬೇರಿಂಗ್ ಕಡಲಿಗೆ. ಬೇಸಿಗೆಯಿಡೀ ಅಲ್ಲಿ ಸಾಲ್ಮನ್ ಮೀನು ಹಿಡಿದು, ಕೊಯ್ದು, ಡಬ್ಬಿ ತುಂಬಿ, ಬೇಯಿಸುವುದು. ಚಳಿಗಾಲಕ್ಕೆ ಮುಂಚೆ ಡಬ್ಬಿಗಳ ಜೊತೆ ವಾಪಸ್. ಹೀಗೆ 22 ಪಯಣ. 1923ರಲ್ಲಿ ನಿಲ್ಲಿಸಿದರು. ಆ ಹೊತ್ತಿಗೆ ಹಬೆ ಹಡಗು ಅಲ್ಲಿಗೂ ಬಂದಿತ್ತು.

## ಇನ್ನೂ ಸ್ವಲ್ಪ ಒಳಗೆ ಹೋಗುವವರಿಗೆ

ಅಲಾಸ್ಕಾಗೆ ಹೋಗೋ ಹಡಗಿಗೆ ಇಂಡಿಯಾ ಅಂತ ಯಾಕೆ ಹೆಸರಿಟ್ರು?

ಬೆಲ್‌ಫಾಸ್ಟ್‌ನಲ್ಲಿ ಕೋರಿ ಅಂತ ಒಂದು ಹಡಗು ಕಂಪನಿ ಇತ್ತು. ಕಲ್ಕತ್ತಾ ವ್ಯಾಪಾರಕ್ಕೆ ಹೆಸರಾದದ್ದು. ಅವರ ಹಡಗುಗಳಿಗೆಲ್ಲ ‘ಸ್ಟಾರ್ ಆಫ್’ ಅಂತಲೇ ಶುರುವಾಗುವ ಹೆಸರು. ‘ಸ್ಟಾರ್ ಆಫ್ ಬೆಂಗಾಲ್’, ‘ಸ್ಟಾರ್ ಆಫ್ ರಷ್ಯಾ’, ‘ಸ್ಟಾರ್ ಆಫ್ ಫ್ರಾನ್ಸ್’, ‘ಸ್ಟಾರ್ ಆಫ್ ಇಟಲಿ’, ಈ ನಾಲ್ಕೂ ಕಾಲಕ್ರಮದಲ್ಲಿ ಅಲಾಸ್ಕಾ ಪ್ಯಾಕರ್ಸ್ ಕೈ ಸೇರಿದವು. ಅವರಿಗೆ ಈ ಹೆಸರಿನ ಧಾಟಿ ಹಿಡಿಸಿತು. 1906ರಲ್ಲಿ ಉಳಿದ ಕಬ್ಬಿಣ, ಉಕ್ಕಿನ ಹಡಗುಗಳಿಗೂ ಅದನ್ನೇ ಇಟ್ಟರು. ‘ಯೂಟರ್ಪಿ’ಗೆ ‘ಸ್ಟಾರ್ ಆಫ್ ಇಂಡಿಯಾ’ ಬಂತು.

ಅಂದರೆ ಹಡಗು ಕಲ್ಕತ್ತಾಗೆ ಓಡಾಡುತ್ತಿದ್ದಾಗ ಗ್ರೀಕ್ ಹೆಸರು, ಭಾರತವನ್ನು ಮತ್ತೆ ನೋಡದ ಕಾಲದಲ್ಲಿ ಭಾರತದ ಹೆಸರು. ನಂಟು ಬಂದದ್ದು ನೇರವಾಗಿ ಅಲ್ಲ, ಕೋರಿಯವರ ಕಲ್ಕತ್ತಾ ಹಡಗುಗಳ ಮೂಲಕ. ‘ಸ್ಟಾರ್ ಆಫ್ ಬೆಂಗಾಲ್’ ಕತೆ ಮಾತ್ರ ದುಃಖದ್ದು. 1908ರ ಸೆಪ್ಟೆಂಬರ್‌ನಲ್ಲಿ ಅಲಾಸ್ಕಾದ ಕಾರೊನೇಶನ್ ದ್ವೀಪಕ್ಕೆ ಬಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಏಷ್ಯಾದಿಂದ ಬಂದ ಕಾರ್ಖಾನೆ ಕೆಲಸದವರು.

ಸುತ್ತ ಕಬ್ಬಿಣ ಇದ್ರೆ ದಿಕ್ಸೂಚಿ ತಪ್ಪು ತೋರಿಸಲ್ವಾ?

ತೋರಿಸುತ್ತದೆ. ಎಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು ಇದನ್ನು ಕೇಳಿದಾಗ ನನಗೆ ಬಹಳ ಖುಷಿಯಾಗಿತ್ತು. ಕಬ್ಬಿಣದ ಹಡಗುಗಳ ಶುರುವಿನ ದೊಡ್ಡ ತಲೆನೋವೇ ಅದು. ತಗಡುಗಳನ್ನು ಜೋಡಿಸುವಾಗ ಸಾವಿರಾರು ರಿವೆಟ್‌ಗಳನ್ನು, ಅಂದರೆ ತಗಡುಗಳನ್ನು ಹಿಡಿದಿಡುವ ಕಬ್ಬಿಣದ ಮೊಳೆಗಳನ್ನು, ಬಡಿಯುತ್ತಾರೆ. ಹಡಗು ಕಟ್ಟುವಾಗ ಯಾವ ದಿಕ್ಕಿಗೆ ಮುಖ ಮಾಡಿ ನಿಂತಿರುತ್ತದೋ, ಆ ಬಡಿತಕ್ಕೆ ಭೂಮಿಯ ಕಾಂತಶಕ್ತಿ ಹಾಗೇ ಒಡಲಿಗೆ ಕೂತುಬಿಡುತ್ತದೆ. ಇಡೀ ಹಡಗೇ ಒಂದು ಆಯಸ್ಕಾಂತ.

ಇಂಗ್ಲೆಂಡಿನ ಖಗೋಳಶಾಸ್ತ್ರಜ್ಞ ಜಾರ್ಜ್ ಏರಿ 1838ರಲ್ಲಿ ಒಂದು ಕಬ್ಬಿಣದ ಹಡಗಿನ ಮೇಲೆ ಪ್ರಯೋಗ ಮಾಡಿ ಉಪಾಯ ಕಂಡುಕೊಂಡರು. ದಿಕ್ಸೂಚಿಯ ಸುತ್ತ ಸಣ್ಣ ಆಯಸ್ಕಾಂತಗಳನ್ನೂ ಕಬ್ಬಿಣದ ತುಂಡುಗಳನ್ನೂ ಲೆಕ್ಕ ಹಾಕಿ ಇಟ್ಟರೆ ಹಡಗಿನ ಎಳೆತ ಬಹುಪಾಲು ರದ್ದಾಗುತ್ತದೆ. ಆಮೇಲೂ ಹಡಗನ್ನು ಬಂದರಿನಲ್ಲಿ ನಿಧಾನಕ್ಕೆ ಸುತ್ತ ತಿರುಗಿಸಿ ಯಾವ ದಿಕ್ಕಿಗೆ ಎಷ್ಟು ತಪ್ಪು ಅಂತ ಪಟ್ಟಿ ಬರೆದುಕೊಳ್ಳಬೇಕು. ಆ ಪಟ್ಟಿ ಇಲ್ಲದೆ ಕ್ಯಾಪ್ಟನ್ ಹೊರಡುವಂತಿಲ್ಲ.

ಉಪ್ಪು ನೀರಲ್ಲಿ 160 ವರ್ಷ. ತುಕ್ಕು ಹಿಡಿದು ಪುಡಿಪುಡಿ ಆಗಬೇಕಿತ್ತಲ್ಲ?

ಇದು ಉಕ್ಕು ಅಲ್ಲ, ಮೆದು ಕಬ್ಬಿಣ. ಕುಲುಮೆಯಲ್ಲಿ ಕಮ್ಮಾರರು ಕಾಸಿ ಬಡಿಯುತ್ತಿದ್ದ ಹಳೇ ಕಾಲದ ಕಬ್ಬಿಣವೇ. ಕರಗಿದ ಕಬ್ಬಿಣವನ್ನು ಕುಲುಮೆಯಲ್ಲಿ ಕಡೆದು ಕಡೆದು, ಮುದ್ದೆಯಾದ ಮೇಲೆ ಬಡಿದು, ಉರುಳೆಗಳ ನಡುವೆ ಒತ್ತಿ ತಗಡು ಮಾಡುತ್ತಿದ್ದರು. ಕಿಟ್ಟ ಪೂರ್ತಿ ಹೋಗುವುದಿಲ್ಲ, ಸಣ್ಣ ಎಳೆ ಎಳೆಯಾಗಿ ಒಳಗೇ ಉಳಿಯುತ್ತದೆ. ಮುರಿದರೆ ತೆಂಗಿನ ನಾರಿನ ಹಾಗೆ ಕಾಣುತ್ತದೆ. ತುಕ್ಕು ಒಳಕ್ಕೆ ಇಳಿಯಲು ಆ ಎಳೆಗಳು ಅಡ್ಡ ನಿಲ್ಲುತ್ತವೆ. ಹಾಗಾಗಿ ಆಮೇಲೆ ಬಂದ ಸಾಧಾರಣ ಉಕ್ಕಿಗಿಂತ ಇದು ಚೆನ್ನಾಗಿ ತಾಳುತ್ತದೆ. ಜೊತೆಗೆ ಆಗಿನವರಿಗೆ ತಗಡು ಎಷ್ಟು ದಪ್ಪ ಇದ್ದರೆ ಸಾಕು ಅನ್ನುವ ಲೆಕ್ಕ ಇನ್ನೂ ಕೂತಿರಲಿಲ್ಲ, ಧಾರಾಳವಾಗಿ ಹಾಕಿದರು.

ಆದರೆ ಕಬ್ಬಿಣ ಒಂದೇ ಕಾರಣ ಅಂತ ನಾನು ಒಪ್ಪುವುದಿಲ್ಲ. ಕೆರೆಯಬೇಕು, ಬಣ್ಣ ಬಳಿಯಬೇಕು, ಆಗಾಗ ನೀರಿನಿಂದ ಮೇಲೆತ್ತಿ ತಳ ನೋಡಬೇಕು. ಒಂದು ಪೀಳಿಗೆ ಕೈಬಿಟ್ಟರೆ ಮುಗಿಯಿತು.

ನಮ್ಮ ತೇಗದ ಹಡಗೇ ಜಾಸ್ತಿ ಗಟ್ಟಿ ಅಲ್ವಾ?

ತೇಗದ ವಿಷಯದಲ್ಲಿ ನೀವು ಹೇಳುವುದು ಸರಿ. ಬೊಂಬಾಯಿಯಲ್ಲಿ 1817ರಲ್ಲಿ ತೇಗದಿಂದ ಕಟ್ಟಿದ ‘ಟ್ರಿಂಕೊಮಲಿ’ ಎಂಬ ಯುದ್ಧನೌಕೆ ಇವತ್ತಿಗೂ ಇಂಗ್ಲೆಂಡಿನ ಹಾರ್ಟ್‌ಲ್‌ಪೂಲ್‌ನಲ್ಲಿ ತೇಲುತ್ತಿದೆ. ಇನ್ನೊಂದು ಅನುಕೂಲವೂ ಮರಕ್ಕಿತ್ತು. ತಳಕ್ಕೆ ತಾಮ್ರದ ತಗಡು ಹೊಡೆಯಬಹುದು. ತಾಮ್ರಕ್ಕೆ ಪಾಚಿ, ಚಿಪ್ಪು ಅಂಟುವುದಿಲ್ಲ, ಹಡಗು ಸಲೀಸಾಗಿ ಓಡುತ್ತದೆ. ಕಬ್ಬಿಣದ ಮೇಲೆ ತಾಮ್ರ ಹೊಡೆದರೆ ಉಪ್ಪು ನೀರಲ್ಲಿ ಎರಡೂ ಸೇರಿ ಬ್ಯಾಟರಿಯಂತಾಗಿ ಕಬ್ಬಿಣವೇ ತಿಂದುಹೋಗುತ್ತದೆ. ಹಾಗಾಗಿ ಕಬ್ಬಿಣದ ತಳದಲ್ಲಿ ಗಡ್ಡದ ಹಾಗೆ ಪಾಚಿ ಬೆಳೆದು ವೇಗ ಇಳಿಯುತ್ತಿತ್ತು. ಟೀ ವ್ಯಾಪಾರಿಗಳಂತೂ ಕಬ್ಬಿಣದ ಹಡಗಿನ ಒಳಗೆ ಬೆವರುವ ನೀರಿಗೆ ಎಲೆ ಕೆಡುತ್ತದೆ ಅಂತ ದೂರ ಇದ್ದರು.

ಆದರೆ ಒಳ್ಳೆ ತೇಗ ಎಷ್ಟು ಸಿಗುತ್ತಿತ್ತು ಹೇಳಿ? ಕಾಡು ಕಡಿದು ಕಡಿದು ಕಮ್ಮಿಯಾಗಿತ್ತು. ಕಬ್ಬಿಣದ ತಗಡು ಬೇಕಾದಷ್ಟು ಒತ್ತಬಹುದಿತ್ತು.

ಮೂರು ಕಂಬದಲ್ಲಿ ಹಿಂದಿನದು ಮಾತ್ರ ಬೇರೆ ಥರ ಇದೆಯಲ್ಲ?

ಮೊದಲು ಮೂರರಲ್ಲೂ ಅಡ್ಡಮರಗಳಿದ್ದವು, ಚೌಕದ ಹಾಯಿಗಳು ತೂಗುತ್ತಿದ್ದವು. ಅಲಾಸ್ಕಾ ಪ್ಯಾಕರ್ಸ್‌ನವರು ಕೊಂಡ ಮೇಲೆ ಹಿಂದಿನ ಕಂಬದ ಅಡ್ಡಮರ ತೆಗೆದು, ಉದ್ದಕ್ಕೆ ತಿರುಗುವ ಹಾಯಿ ಹಾಕಿದರು. ಇಂಥ ಹಡಗಿಗೆ ಬಾರ್ಕ್ ಅನ್ನುತ್ತಾರೆ. ಮೇಲೆ ಹತ್ತದೆ ಕೆಳಗಿನಿಂದಲೇ ಆ ಹಾಯಿಯನ್ನು ನಿಭಾಯಿಸಬಹುದು, ಕಮ್ಮಿ ಜನ ಸಾಕು. ಸಂಬಳದ ಲೆಕ್ಕ.

ಗುಜರಿಗೆ ಹಾಕದೆ ಹೇಗೆ ಬಿಟ್ರು?

ಹತ್ತಿರ ಹತ್ತಿರ ಹೋಗೇ ಬಿಟ್ಟಿತ್ತು. 1926ರಲ್ಲಿ ಸ್ಯಾನ್ ಡಿಯಾಗೋದ ಪ್ರಾಣಿಸಂಗ್ರಹಾಲಯದ ಸಂಸ್ಥೆಗೆ ಅಂತ 9,000 ಡಾಲರಿಗೆ ಇದನ್ನು ಕೊಂಡರು. ಮೀನುಗಳ ಪ್ರದರ್ಶನ, ಮ್ಯೂಸಿಯಂ ಮಾಡುವ ಆಸೆ. ಮರು ವರ್ಷ ಎಳೆದು ತಂದು ಇಲ್ಲಿ ಕಟ್ಟಿದರು. ಅಷ್ಟರಲ್ಲಿ ಆರ್ಥಿಕ ಕುಸಿತ ಬಂತು, ಆಮೇಲೆ ಎರಡನೇ ಮಹಾಯುದ್ಧ. ಕಾಸಿಲ್ಲ, ಕೇಳುವವರಿಲ್ಲ. ಮೂವತ್ತು ವರ್ಷ ಹಡಗು ಕಟ್ಟಿದಲ್ಲೇ ಕೊಳೆಯಿತು.

1957ರಲ್ಲಿ ಅಲನ್ ವಿಲಿಯರ್ಸ್ ಎಂಬ ಆಸ್ಟ್ರೇಲಿಯಾದ ಕ್ಯಾಪ್ಟನ್ ಭಾಷಣಕ್ಕೆ ಅಂತ ಈ ಊರಿಗೆ ಬಂದರು. ಹಾಯಿ ಹಡಗುಗಳಲ್ಲೇ ಬೆಳೆದ ಮನುಷ್ಯ, ಅರಬ್ಬರ ಹಾಯಿ ದೋಣಿಗಳಲ್ಲೂ ತಿಂಗಳುಗಟ್ಟಲೆ ತಿರುಗಿದವರು. ಹಡಗಿನ ಸ್ಥಿತಿ ನೋಡಿ ಅವರಿಗೆ ತಡೆಯಲಿಲ್ಲ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಆ ಮಾತು ಊರಿಗೆ ತಟ್ಟಿತು. 1959ರಲ್ಲಿ ಜನ ಸೇರಿ ಸಂಘ ಕಟ್ಟಿದರು. ಆಮೇಲೂ ಕೆಲಸ ನಿಧಾನಕ್ಕೇ ನಡೆಯಿತು, ಕೊಳೆತ ಮರ ತೆಗೆಯುವುದು, ತುಕ್ಕು ಕೆರೆಯುವುದು, ಹಗ್ಗ ಹೊಸೆಯುವುದು, ಚಂದಾ ಎತ್ತುವುದು.

1976ರ ಜುಲೈ 4, ಅಮೆರಿಕದ ಸ್ವಾತಂತ್ರ್ಯಕ್ಕೆ ಇನ್ನೂರು ವರ್ಷ ತುಂಬಿದ ದಿನ. ಐವತ್ತಕ್ಕೂ ಹೆಚ್ಚು ವರ್ಷದ ಮೇಲೆ ಹಡಗು ಮತ್ತೆ ಹಾಯಿ ಬಿಚ್ಚಿತು. ಕ್ಯಾಪ್ಟನ್ ಕಾರ್ಲ್ ಬೌಮನ್. ದಡದ ಮೇಲೆ, ದೋಣಿಗಳಲ್ಲಿ ಸೇರಿ ಐದು ಲಕ್ಷ ಜನ ನೋಡಿದರು ಅಂತ ಅಂದಾಜು. ಆಮೇಲೂ ಎಷ್ಟೋ ಸಲ ಹೊರಟಿದೆ. 2013ರಲ್ಲಿ 150 ತುಂಬಿದಾಗ ಹೋಯಿತು, 2018ರಲ್ಲೂ ಹೋಯಿತು. ಹಾಯಿ ಏರಿಸುವವರೆಲ್ಲ ಸ್ವಯಂಸೇವಕರು. ಸಂಬಳ ಇಲ್ಲ, ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಕಂಬ ಹತ್ತುತ್ತಾರೆ.

ಜಗತ್ತಲ್ಲೇ ಹಳೇದು ಅಂತಾರೆ. ಇದಕ್ಕಿಂತ ಹಳೇ ಹಡಗು ಇಲ್ವಾ?

ಇವೆ. ಮಾತನ್ನು ಪೂರ್ತಿ ಹೇಳಬೇಕು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿರುವ ಕಬ್ಬಿಣದ ‘ಗ್ರೇಟ್ ಬ್ರಿಟನ್’ 1843ರದ್ದು, ಆದರೆ ಅದಕ್ಕೆ ಎಂಜಿನ್ ಇತ್ತು, ಈಗ ಒಣ ಕಟ್ಟೆಯಲ್ಲಿ ಕೂತಿದೆ. ಪೋರ್ಟ್ಸ್‌ಮತ್‌ನ ‘ವಾರಿಯರ್’ 1860ರದ್ದು, ಅದು ಯುದ್ಧನೌಕೆ. ಎಲ್ಲರಿಗೂ ಗೊತ್ತಿರುವ ‘ಕಟಿ ಸಾರ್ಕ್’ 1869ರದ್ದು, ಕಬ್ಬಿಣದ ಚೌಕಟ್ಟಿಗೆ ಮರದ ಮೈ, ಅದೂ ನೆಲದ ಮೇಲಿದೆ. ಕಬ್ಬಿಣದ ಒಡಲಿನ, ಸರಕು ಸಾಗಿಸಿದ, ಇವತ್ತಿಗೂ ತೇಲುತ್ತಾ ಹಾಯಿ ಬಿಚ್ಚಿ ಹೋಗಬಲ್ಲ ಹಡಗುಗಳಲ್ಲಿ ಇದೇ ಹಿರಿಯದು.

ಇದರಲ್ಲಿ ಹಳೇದು ಎಷ್ಟು ಉಳಿದಿದೆ? ಎಲ್ಲಾ ಬದಲಾಯಿಸಿರ್ತಾರೆ ಬಿಡಿ.

ಹಾಯಿ, ಹಗ್ಗ ಹೊಸವು. ಅವು ಹಡಗು ದುಡಿಯುತ್ತಿದ್ದಾಗಲೂ ಕೆಲವೇ ವರ್ಷ ಬರುತ್ತಿದ್ದವು. ಮೇಲಿನ ಹಲಗೆಗಳನ್ನೂ ಬದಲಿಸಿದ್ದಾರೆ. ಕಬ್ಬಿಣದ ಒಡಲು ಮಾತ್ರ ರಾಮ್ಸಿಯಲ್ಲಿ ಬಡಿದದ್ದೇ.

ಮುಂದಿನ ಸಲ ಬಂದಾಗ ಕೆಳಗಿಳಿದು ಗೋಡೆಯ ಮೇಲೆ ಅಂಗೈ ಸವರಿ ನೋಡಿ. ಬಣ್ಣದ ಅಡಿಯಲ್ಲಿ ರಿವೆಟ್ ತಲೆಗಳು ಸಾಲಾಗಿ ಕೈಗೆ ಸಿಗುತ್ತವೆ. ಒಂದರ ಹಾಗೆ ಇನ್ನೊಂದಿಲ್ಲ. ಕೆಲವು ಚಪ್ಪಟೆ, ಕೆಲವು ಸ್ವಲ್ಪ ಓರೆ. ಒಬ್ಬ ಕೆಂಪಗೆ ಕಾದ ರಿವೆಟ್ ತೂರಿಸಿ ಆಚೆಯಿಂದ ಒತ್ತಿ ಹಿಡಿದಿರುತ್ತಿದ್ದ, ಈಚೆಯಿಂದ ಇಬ್ಬರು ಸುತ್ತಿಗೆಯಲ್ಲಿ ಬಡಿಯುತ್ತಿದ್ದರು, ಆರುವಷ್ಟರಲ್ಲಿ ಮುಗಿಸಬೇಕು. ಓರೆಯಾದದ್ದು ಯಾವನೋ ಸಂಜೆ ಹೊತ್ತಿಗೆ ಕೈಸೋತು ಹೊಡೆದದ್ದಿರಬೇಕು ಅಂತ ನನಗೆ ಅನ್ನಿಸುತ್ತದೆ. ಆ ರಿವೆಟ್‌ನಿಂದಲೂ ನೀರು ಒಳಗೆ ಬಂದಿಲ್ಲ.